ಮಿತಿ ಇರಲಿ, ಬೆಂಕಿ ಬಿದ್ದ ಹೊತ್ತಿನಲ್ಲಿ ಬೇಡ

2025ರ ಆಗಸ್ಟ್ 1ರಿಂದ ಯುಪಿಐ ಆ್ಯಪ್‌ಗಳಲ್ಲಿ ಬ್ಯಾಂಕ್ ಬ್ಯಾಲೆನ್ಸ್ ನೋಡುವುದಕ್ಕೆ ಮಿತಿ ಬಂತು. ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ, ಅಷ್ಟೇ. ಸುದ್ದಿ ಬಂದ ದಿನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಗೆಯೋ ನಗೆ. ‘ತಿಂಗಳ ಕೊನೆಗೆ ಒಂದು ಸಲ ನೋಡೋಕೇ ಧೈರ್ಯ ಬೇಕು, 50 ಸಲ ಯಾರು ನೋಡ್ತಾರೆ ಮಾರಾಯ್ರೇ’ ಎಂದು ಒಬ್ಬರು ಬರೆದರು. ನಗಬೇಕಾದ್ದೇ. ಆದರೆ ಆ ಮಿತಿ ಯಾಕೆ ಬಂತು ಎಂಬುದರಲ್ಲಿ ನನ್ನಂಥವರ ದಿನನಿತ್ಯದ ಕೆಲಸದ ಒಂದು ದೊಡ್ಡ ತಕರಾರು ಅಡಗಿದೆ.

ಮಿತಿ ಹಾಕಿದ್ದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಮುಖ್ಯ ಕಚೇರಿ ಇರುವ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. ಆ ವರ್ಷ ಮಾರ್ಚ್ 26ರಿಂದ ಏಪ್ರಿಲ್ 12ರ ನಡುವೆ ಯುಪಿಐ ಹಲವು ಬಾರಿ ಕೈಕೊಟ್ಟಿತ್ತು. ಏಪ್ರಿಲ್ 12ರ ಶನಿವಾರವಂತೂ ಗಂಟೆಗಟ್ಟಲೆ ಪರದಾಟ. ಯಾಕೆ ಎಂದು ಹುಡುಕಿದಾಗ ಕಂಡದ್ದು ಇದು: ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ‘ಆ ವಹಿವಾಟು ಏನಾಯಿತು? ಏನಾಯಿತು?’ ಎಂದು ಒಂದೇ ಸಮನೆ ವಿಚಾರಿಸುತ್ತಿದ್ದವು. ಹಳೆಯ ವಹಿವಾಟುಗಳನ್ನೂ ಬಿಡದೆ ಕೇಳುತ್ತಿದ್ದವು. ಹಣ ಹೋಯಿತೇ ಎಂದು ವಿಚಾರಿಸುವ ಕರೆಗಳ ಹೊರೆಗೇ ವ್ಯವಸ್ಥೆ ಬಸವಳಿಯಿತು. ಆಮೇಲೆ ಬಂದ ನಿಯಮ ಸ್ಪಷ್ಟವಾಗಿತ್ತು. ವಹಿವಾಟಿನ ಸ್ಥಿತಿಯನ್ನು ಕೇಳುವ ಮೊದಲು 90 ಸೆಕೆಂಡ್ ಕಾಯಬೇಕು. ಹೆಚ್ಚೆಂದರೆ ಮೂರು ಸಲ ಕೇಳಬಹುದು.

ನೋಡುವುದಕ್ಕೂ ಖರ್ಚಿದೆ ಎಂಬುದು ಇದರ ಪಾಠ. ಹಾಗಾಗಿ ನೋಡುವುದಕ್ಕೆ ಮಿತಿ ಹಾಕುವುದು ತಪ್ಪಲ್ಲ. ಆದರೆ ಎಂಥ ಮಿತಿ, ಯಾವಾಗ ಬೀಳುವ ಮಿತಿ ಎಂಬುದೇ ಪ್ರಶ್ನೆ.

ನಾವು ನೋಡುವುದೇನು?

ನಾನು ಹಾವೇರಿ ಕಡೆಯವನು. ಮನೆ ಡೊಂಬಿವಲಿಯಲ್ಲಿ, ಕೆಲಸ ಐರೋಲಿಯಲ್ಲಿ. ಸಾಲ ಕೊಡುವ, ಕಂತು ವಸೂಲು ಮಾಡುವ ಕಂಪನಿಗಳ ಸರ್ವರ್‌ಗಳ ಆರೋಗ್ಯ ನೋಡಿಕೊಳ್ಳುವುದು ನನ್ನ ಉದ್ಯೋಗ. ಊರಿಗೆ ಹೋದಾಗ ಅಜ್ಜಿ ‘ಏನ್ ಕೆಲಸಪಾ ನಿಂದು?’ ಎಂದು ಕೇಳಿದರೆ ‘ಕಾವಲು ಕಾಯೋದಬೇ’ ಎನ್ನುತ್ತೇನೆ. ಸುಳ್ಳೇನಲ್ಲ.

ಈಗ ಕಂಪನಿಗಳು ಸ್ವಂತ ಸರ್ವರ್ ಕೊಳ್ಳುವುದು ಕಡಿಮೆ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲಿ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಐರೋಲಿ, ರಬಾಳೆ, ಮಹಾಪೆ, ಚಾಂದಿವಲಿ, ಪನ್ವೇಲ್ ಎಂದು ಎಲ್ಲಿ ನೋಡಿದರೂ ಕಿಟಕಿಯೇ ಇಲ್ಲದ ಡೇಟಾ ಸೆಂಟರ್ ಕಟ್ಟಡಗಳು. ಅಲ್ಲಿನ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಆ ಯಂತ್ರ ಚೆನ್ನಾಗಿದೆಯೇ ಎಂದು ನೋಡುವುದಕ್ಕೆ ಬಹುತೇಕ ಕಂಪನಿಗಳು ಇನ್ನೊಂದು ಕಂಪನಿಯ ಮಾನಿಟರಿಂಗ್ ಸೇವೆ ಕೊಳ್ಳುತ್ತವೆ. ಪ್ರತಿ ಸರ್ವರ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಕುಳಿತು ಮೆಮೊರಿ ಎಷ್ಟು ಉಳಿದಿದೆ, ಎಷ್ಟು ವಿನಂತಿ ಬಂತು, ಎಷ್ಟು ವಿಫಲವಾಯಿತು ಎಂದು ವರದಿ ಕಳಿಸುತ್ತಿರುತ್ತದೆ. ಜೊತೆಗೆ ಲಾಗ್. ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ದಿನಚರಿ.

ಲೆಕ್ಕ ಹಾಕಿ ನೋಡಿ. ಒಂದು ಮಧ್ಯಮ ಗಾತ್ರದ ಕಂಪನಿಗೆ 50 ಸರ್ವರ್ ಇವೆ ಎನ್ನೋಣ. ಪ್ರತಿಯೊಂದರಿಂದ 200 ಅಳತೆ, 10 ಸೆಕೆಂಡಿಗೊಮ್ಮೆ. ದಿನಕ್ಕೆ 8 ಕೋಟಿ 64 ಲಕ್ಷ ಅಂಕಿ ಆಯಿತು. ಅದೇ ಅಳತೆಯನ್ನು ನಿಮಿಷಕ್ಕೊಮ್ಮೆ ತೆಗೆದರೆ 1 ಕೋಟಿ 44 ಲಕ್ಷಕ್ಕೆ ಇಳಿಯುತ್ತದೆ. ಇನ್ನು ಯಾರೋ ಉತ್ಸಾಹಿ ಡೆವಲಪರ್ ಒಂದು ಅಳತೆಗೆ ಗ್ರಾಹಕರ ಸಂಖ್ಯೆಯನ್ನೂ ಸೇರಿಸಿ ಕಳಿಸಿದ ಎನ್ನಿ. 5 ಲಕ್ಷ ಗ್ರಾಹಕರಿದ್ದರೆ ಆ ಒಂದು ಅಳತೆ 5 ಲಕ್ಷ ಅಳತೆಯಾಗುತ್ತದೆ. ಒಂದೇ ಸಾಲಿನ ಬದಲಾವಣೆ. ಇದನ್ನೆಲ್ಲ ಕೂಡಿಡುವ ಕಂಪನಿಗೆ ಡಿಸ್ಕ್, ಕರೆಂಟು, ನೆಟ್‌ವರ್ಕ್ ಯಾವುದೂ ಪುಕ್ಕಟೆ ಬರುವುದಿಲ್ಲ. ಒಬ್ಬ ಗ್ರಾಹಕನ ಅತಿರೇಕಕ್ಕೆ ಉಳಿದವರ ಗ್ರಾಫ್ ನಿಧಾನವಾಗುವುದೂ ಉಂಟು. ಅದಕ್ಕೇ ಕರಾರಿನಲ್ಲಿ ‘ಫೇರ್ ಯೂಸೇಜ್’ ಎಂಬ ಷರತ್ತು ಇರುತ್ತದೆ. ನ್ಯಾಯಯುತವಾಗಿ ಬಳಸಿ, ಮೀರಿದರೆ ಕಡಿತ ಮಾಡುತ್ತೇವೆ ಎಂದು ಅದರ ಅರ್ಥ.

ಮುಂಬೈ ಕನ್ನಡಿಗರಿಗೆ ಇದು ಹೊಸದಲ್ಲ. ಮಾಟುಂಗಾದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ನಲ್ಲಿ ಲಿಮಿಟೆಡ್ ಊಟವೂ ಇದೆ, ಅನ್‌ಲಿಮಿಟೆಡ್ ಊಟವೂ ಇದೆ. ಇಂಥ ಊಟದ ಮನೆಗಳಲ್ಲಿ ಅನ್‌ಲಿಮಿಟೆಡ್ ಅಂದರೆ ಏನು ಎಂಬುದು ಕುಳಿತವರಿಗೆಲ್ಲ ಗೊತ್ತು. ಒಂದು ಎಲೆ ಒಬ್ಬರಿಗೆ. ಹಂಚಿಕೊಳ್ಳುವಂತಿಲ್ಲ, ಕಟ್ಟಿಸಿಕೊಂಡು ಹೋಗುವಂತಿಲ್ಲ. ಹೊಟ್ಟೆಗೆ ಒಂದು ಅಳತೆ ಇದೆ ಎಂಬ ನಂಬಿಕೆಯ ಮೇಲೆ ಬಡಿಸುವವರೂ ಉಣ್ಣುವವರೂ ಒಪ್ಪಿದ ವ್ಯವಹಾರ. ಅದು ನ್ಯಾಯಯುತ ಬಳಕೆ.

ಸರ್ವರ್‌ನ ಹೊಟ್ಟೆ ಹಾಗಲ್ಲ

ಇಲ್ಲಿಯೇ ಹೋಲಿಕೆ ಮುಗಿಯುವುದು. ನಮ್ಮ ಹಸಿವು ಇವತ್ತಿಗೂ ನಾಳೆಗೂ ಹೆಚ್ಚುಕಡಿಮೆ ಅಷ್ಟೇ. ಸರ್ವರ್‌ನ ಲಾಗ್ ಹಾಗಲ್ಲ. ಆರೋಗ್ಯವಾಗಿರುವ ಸರ್ವರ್ ಹೆಚ್ಚು ಮಾತಾಡುವುದಿಲ್ಲ. ಕಾಯಿಲೆ ಬಿದ್ದ ಸರ್ವರ್ ಬೊಬ್ಬೆ ಹೊಡೆಯುತ್ತದೆ. ಡೇಟಾಬೇಸ್ ಸಂಪರ್ಕ ತಪ್ಪಿದರೆ ಪ್ರತಿ ವೈಫಲ್ಯಕ್ಕೆ ಹತ್ತಾರು ಸಾಲು ಬರೆಯುತ್ತದೆ. ಆ್ಯಪ್ ಸುಮ್ಮನಿರದೆ ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ಹತ್ತಾರು ಸಾಲು. ಕೆಲವೇ ನಿಮಿಷಗಳಲ್ಲಿ ಲಾಗ್ ಸಾಧಾರಣ ದಿನದ ಹಲವು ಪಟ್ಟು ಉಬ್ಬುತ್ತದೆ. ಅಂದರೆ ಸಾಧಾರಣ ದಿನಗಳ ಸರಾಸರಿ ನೋಡಿ ಹಾಕಿದ ಮಿತಿ ಮೀರುವುದು ಯಾವಾಗ? ಅಪಘಾತದ ಹೊತ್ತಿನಲ್ಲೇ. ಕಣ್ಣು ಬೇಕಾದಾಗಲೇ ಕಣ್ಣು ಮುಚ್ಚುವ ಏರ್ಪಾಡು ಇದು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ತಿಂಗಳ 5ನೇ ತಾರೀಖು, ಕಂತು ಕಡಿತದ ದಿನ. ಜುಲೈ ಮಳೆ ಬೇರೆ. ರಾತ್ರಿ ಪಾಳಿಯಲ್ಲಿದ್ದವನು ವಿಜಯಪುರದ ಹುಡುಗ, ಸೇರಿ ಎಂಟು ತಿಂಗಳಾಗಿತ್ತು. ಮಧ್ಯರಾತ್ರಿ ದಾಟಿದ ಮೇಲೆ ಡೇಟಾಬೇಸ್ ಸಂಪರ್ಕ ಕಡಿಯತೊಡಗಿತು. ಹುಡುಗ ಅದನ್ನು ಗಮನಿಸಿ ಡೇಟಾಬೇಸ್ ತಂಡಕ್ಕೆ ಫೋನ್ ಮಾಡಿದ. ಅವರು ನೋಡುತ್ತಿದ್ದಂತೆ ದೋಷಗಳ ಗ್ರಾಫ್ ಸರ್ರನೆ ಇಳಿಯಿತು. ಹೊಸ ಅಲರ್ಟ್ ಒಂದೂ ಬರಲಿಲ್ಲ. ಸರಿಹೋಯಿತು ಎಂದು ಎಲ್ಲರೂ ಅಂದುಕೊಂಡರು.

ಸರಿಹೋಗಿರಲಿಲ್ಲ. ಮಾನಿಟರಿಂಗ್ ಸೇವೆಯ ನ್ಯಾಯಯುತ ಬಳಕೆಯ ಷರತ್ತು ಜಾರಿಗೆ ಬಂದಿತ್ತು. ನಾವು ಕಳಿಸಿದ ಲಾಗ್‌ಗಳಲ್ಲಿ ಒಂದು ಪಾಲನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅವರು ಚೆಲ್ಲುತ್ತಿದ್ದರು. ದೋಷಗಳು ಇಷ್ಟನ್ನು ಮೀರಿದರೆ ಎಬ್ಬಿಸು ಎಂದು ನಾವು ಹೇಳಿಟ್ಟಿದ್ದೆವು. ಲೆಕ್ಕಕ್ಕೆ ಸಿಗುವ ದೋಷಗಳೇ ಕಡಿಮೆಯಾದ ಮೇಲೆ ಅದು ಯಾರನ್ನು ಎಬ್ಬಿಸುತ್ತದೆ? ಬೆಳಿಗ್ಗೆ ಆರರ ಹೊತ್ತಿಗೆ ಗ್ರಾಹಕರ ಕರೆ ಶುರುವಾಯಿತು. ಕೆಲವರ ಖಾತೆಯಿಂದ ಕಂತು ಎರಡು ಸಲ ಹೋಗಿತ್ತು. ಕಲ್ವಾದ ಒಬ್ಬರು, ರಿಕ್ಷಾ ಓಡಿಸುವವರು, ಮಗಳ ಶಾಲೆಯ ಫೀಸಿಗೆ ಇಟ್ಟ ಹಣ ಅದು ಎಂದು ಹೇಳುತ್ತಿದ್ದರು. ಹಣ ವಾಪಸ್ ಬಂತು, ಆದರೆ ದಿನಗಳ ನಂತರ.

ಮರುದಿನ ಮೀಟಿಂಗ್. ‘ಯಾಕೆ ನೋಡಲಿಲ್ಲ?’ ಎಂಬ ಪ್ರಶ್ನೆ ಬಂದದ್ದು ಹುಡುಗನಿಗೆ. ‘ಸರ್, ಗ್ರಾಫ್ ಇಳಿದಿತ್ತರೀ. ಅಲರ್ಟ್ ಒಂದೂ ಬರಲಿಲ್ರೀ’ ಎಂದ ನನ್ನ ಹತ್ತಿರ, ಹೊರಗೆ ಬಂದ ಮೇಲೆ. ಒಳಗೆ ಇಂಗ್ಲಿಷ್‌ನಲ್ಲಿ ಅಷ್ಟು ಹೇಳುವುದಕ್ಕೂ ಅವನಿಗೆ ಅವಕಾಶ ಸಿಕ್ಕಿರಲಿಲ್ಲ. ಮಿತಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಮೇಲ್ ಬಂದಿತ್ತು, ಕರಾರಿಗೆ ಸಹಿ ಹಾಕಿದ ಖರೀದಿ ವಿಭಾಗದ ವಿಳಾಸಕ್ಕೆ. ರಾತ್ರಿ ಒಂದೂವರೆಗೆ ಅಲ್ಲಿ ಮೇಲ್ ನೋಡುವವರು ಯಾರು? ಇದೆಲ್ಲ ಹೊರಬಂದು ಮೇಲಿನವರಿಗೆ ಮನದಟ್ಟಾಗುವ ಹೊತ್ತಿಗೆ ಹುಡುಗನ ಆ ವರ್ಷದ ಸಂಬಳದ ಏರಿಕೆ ಕೈತಪ್ಪಿತ್ತು. ಮಿತಿಯ ಷರತ್ತನ್ನು ಬರೆದವರಿಗೂ ಅದನ್ನು ಓದದೆ ಸಹಿ ಹಾಕಿದವರಿಗೂ ಏನೂ ಆಗಲಿಲ್ಲ.

ಕಾನೂನಿನ ಕಡೆಯಿಂದಲೂ ನೋಡಬೇಕು. ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ದಾಳಿಯಾದ ರಾತ್ರಿಯ ಲಾಗ್‌ನಲ್ಲಿ ಹತ್ತರಲ್ಲಿ ಒಂಬತ್ತು ಸಾಲು ಚೆಲ್ಲಿಹೋಗಿದ್ದರೆ ಏನನ್ನು ಕಾಪಿಡುವುದು, ಏನೆಂದು ವರದಿ ಮಾಡುವುದು? ‘ನಮ್ಮ ಮಾನಿಟರಿಂಗ್ ಕಂಪನಿ ಕಡಿತ ಮಾಡಿತ್ತು’ ಎಂದರೆ ಹೊಣೆ ತಪ್ಪುವುದಿಲ್ಲ. ಹೊಣೆ ನಮ್ಮದು, ಕತ್ತರಿ ಇನ್ನೊಬ್ಬರ ಕೈಯಲ್ಲಿ.

ನ್ಯಾಯದ ಮಿತಿ ಹೇಗಿರಬೇಕು?

ನನ್ನ ಪ್ರಕಾರ ನಾಲ್ಕು ಗುಣಗಳಿರಬೇಕು. ಯಾವುದೂ ಆಕಾಶದಿಂದ ತರಬೇಕಾದ್ದಲ್ಲ. ನಾಲ್ಕಕ್ಕೂ ಮಾದರಿ ಈಗಾಗಲೇ ಇವೆ.

ಮೊದಲನೆಯದು, ಮಿತಿ ಒಂದು ಅಂಕಿಯಾಗಿರಬೇಕು. ‘ಅಸಮಂಜಸ ಬಳಕೆ ಕಂಡುಬಂದಲ್ಲಿ’ ಎಂಬಂಥ ವಾಕ್ಯ ಮಿತಿಯಲ್ಲ, ಮರ್ಜಿ. ಎನ್‌ಪಿಸಿಐ 50 ಎಂದು ಬರೆಯಿತು, 90 ಸೆಕೆಂಡ್ ಎಂದು ಬರೆಯಿತು. ಒಪ್ಪುತ್ತೇವೋ ಬಿಡುತ್ತೇವೋ, ಎಣಿಸಬಹುದು. ಅಮೆಜಾನ್‌ನ ಕ್ಲೌಡ್‌ವಾಚ್ ಸೇವೆ ನಿಮಿಷದ ಲೆಕ್ಕದ ಅಳತೆಗಳನ್ನು 15 ದಿನ, ಐದು ನಿಮಿಷದ ಲೆಕ್ಕದವನ್ನು 63 ದಿನ, ಗಂಟೆ ಲೆಕ್ಕದವನ್ನು 455 ದಿನ ಇಡುತ್ತೇನೆ ಎಂದು ಬರೆದುಕೊಟ್ಟಿದೆ. ಹಳೆಯದಾದಂತೆ ವಿವರ ಕಡಿಮೆಯಾಗುತ್ತದೆ ಎಂದು ನಮಗೆ ಮೊದಲೇ ಗೊತ್ತು. ಅದಕ್ಕೆ ತಕ್ಕಂತೆ ನಾವು ಏರ್ಪಾಡು ಮಾಡಿಕೊಳ್ಳುತ್ತೇವೆ.

ಎರಡನೆಯದು, ಮುನ್ನೆಚ್ಚರಿಕೆ, ಅದೂ ಕಾವಲಿನಲ್ಲಿ ಕುಳಿತವರಿಗೆ. ಮನೆಯ ಬ್ರಾಡ್‌ಬ್ಯಾಂಡ್‌ನ ಫೇರ್ ಯೂಸೇಜ್ ಮಿತಿಯ ಬಗ್ಗೆ ಟ್ರಾಯ್ 2016ರಲ್ಲಿ ನಿರ್ದೇಶನ ಕೊಟ್ಟಾಗ, ಮಿತಿಯ ಅರ್ಧ ಮುಗಿದಾಗಲೂ ಶೇ 90 ಮುಗಿದಾಗಲೂ ಗ್ರಾಹಕರಿಗೆ ತಿಳಿಸಬೇಕು ಎಂದಿತು. ಮನೆಯಲ್ಲಿ ಸಿನಿಮಾ ನೋಡುವವರಿಗೆ ಸಿಕ್ಕ ಈ ರಕ್ಷಣೆ, ಸಾವಿರಾರು ಜನರ ಹಣ ಓಡಾಡುವ ವ್ಯವಸ್ಥೆಯನ್ನು ಕಾಯುವವರಿಗೆ ಬೇಡವೇ? ಕಾಣದ ಮಿತಿ ದೊಡ್ಡವರನ್ನೂ ಬಿಟ್ಟಿಲ್ಲ. 2020ರ ನವೆಂಬರ್ 25ರಂದು ಅಮೆರಿಕದಲ್ಲಿ ಅಮೆಜಾನ್‌ನ ಕಿನೆಸಿಸ್ ಎಂಬ ಸೇವೆ ಬಿದ್ದದ್ದು ಹೊಸ ಸರ್ವರ್‌ಗಳನ್ನು ಸೇರಿಸಿದಾಗ ಆಪರೇಟಿಂಗ್ ಸಿಸ್ಟಂನ ಒಂದು ಮಿತಿ ಸದ್ದಿಲ್ಲದೆ ಮೀರಿದ್ದರಿಂದ. ಅದನ್ನೇ ನೆಚ್ಚಿಕೊಂಡಿದ್ದ ಕ್ಲೌಡ್‌ವಾಚ್ ಕೂಡ ಅಂದು ತಡವರಿಸಿತು. ಕಾವಲುಗಾರನಿಗೇ ಕಣ್ಣು ಕತ್ತಲಿಟ್ಟಂತಾಯಿತು.

ಮೂರನೆಯದು, ಇದಕ್ಕಿಂತ ಕೆಳಗೆ ಇಳಿಸುವಂತಿಲ್ಲ ಎಂಬ ತಳಮಟ್ಟ. ಟ್ರಾಯ್‌ನ ಅದೇ ನಿರ್ದೇಶನದಲ್ಲಿ, ಮಿತಿ ಮುಗಿದರೂ ಬ್ರಾಡ್‌ಬ್ಯಾಂಡ್ ವೇಗ 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದು ಎಂದಿತ್ತು. ವೇಗ ಕುಗ್ಗಿಸಿ, ಆದರೆ ಉಸಿರು ನಿಲ್ಲಿಸಬೇಡಿ ಎಂದ ಹಾಗೆ. ಮಾನಿಟರಿಂಗ್‌ಗೂ ಇದು ಬೇಕು. ಹಳೆಯ ಲಾಗ್ ಹುಡುಕುವುದನ್ನು ನಿಧಾನ ಮಾಡಿ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ನಿಲ್ಲಿಸಿ. ಸರ್ವರ್ ಬದುಕಿದೆಯೇ, ಹಣ ಹೋಗುತ್ತಿದೆಯೇ ಎಂಬ ಮೂಲ ಅಲರ್ಟ್‌ಗಳನ್ನು ಮಾತ್ರ ಮುಟ್ಟಬೇಡಿ. ಕಡಿತ ಮಾಡಿದ್ದರೆ ಗ್ರಾಫ್‌ನ ಮೇಲೆಯೇ ಕೆಂಪಕ್ಷರದಲ್ಲಿ ‘ಇದು ಪೂರ್ತಿ ಲೆಕ್ಕವಲ್ಲ’ ಎಂದು ಬರೆಯಿರಿ. ಆ ಒಂದು ಸಾಲು ಇದ್ದಿದ್ದರೆ ವಿಜಯಪುರದ ಹುಡುಗ ಮೋಸ ಹೋಗುತ್ತಿರಲಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಅಪಘಾತದ ಗಂಟೆಗಳಿಗೆ ಮಾಫಿ. ಇದು ಹೊಸ ವಿಚಾರವಲ್ಲ. ಡೇಟಾ ಸೆಂಟರ್‌ಗಳಲ್ಲಿ ಇಂಟರ್ನೆಟ್ ಬಾಡಿಗೆಯನ್ನು ಲೆಕ್ಕ ಹಾಕುವ ಹಳೆಯ ಪದ್ಧತಿಯೊಂದಿದೆ. ಐದೈದು ನಿಮಿಷಕ್ಕೊಮ್ಮೆ ಅಳೆದು, ತಿಂಗಳ ಕೊನೆಗೆ ಅತಿ ಹೆಚ್ಚು ಬಳಕೆಯ ಶೇ 5ರಷ್ಟು ಅಳತೆಗಳನ್ನು ಬದಿಗಿಟ್ಟು, ಉಳಿದವುಗಳಲ್ಲಿ ದೊಡ್ಡದಕ್ಕೆ ಬಿಲ್ ಮಾಡುತ್ತಾರೆ. 30 ದಿನದ ತಿಂಗಳಿಗೆ 36 ಗಂಟೆ ಮಾಫಿ ಸಿಕ್ಕಂತೆ. ಮಾನಿಟರಿಂಗ್ ಕಂಪನಿ ಡೇಟಾಡಾಗ್ ಕೂಡ ಎಷ್ಟು ಸರ್ವರ್‌ಗೆ ಬಿಲ್ ಮಾಡಬೇಕು ಎಂದು ಎಣಿಸುವಾಗ ಅತಿ ಹೆಚ್ಚು ಬಳಕೆಯ ಶೇ 1ರಷ್ಟು ಗಂಟೆಗಳನ್ನು ಬಿಟ್ಟುಬಿಡುತ್ತದೆ. ತಿಂಗಳಿಗೆ ಸುಮಾರು 7 ಗಂಟೆ. ಸರ್ವರ್ ಎಣಿಕೆಗೆ ಸಾಧ್ಯವಾದದ್ದು ಲಾಗ್‌ಗೂ ಯಾಕೆ ಸಾಧ್ಯವಾಗಬಾರದು? ಒಂದು ಕೆಟ್ಟ ರಾತ್ರಿಗೆ ಏಳು ಗಂಟೆ ಸಾಕು.

‘ಮಿತಿಯೇ ಬೇಡ, ಬಳಸಿದಷ್ಟು ದುಡ್ಡು ಕೊಡಿ, ಮುಗಿಯಿತು’ ಎನ್ನುವವರಿದ್ದಾರೆ. ಕೇಳಲು ಸರಳ. ಆದರೆ ಒಂದು ಅಪಘಾತದ ರಾತ್ರಿ ತಿಂಗಳ ಬಿಲ್ಲನ್ನೇ ದುಪ್ಪಟ್ಟು ಮಾಡಬಲ್ಲದು. 2023ರ ಮೇನಲ್ಲಿ ಡೇಟಾಡಾಗ್‌ನ ಒಬ್ಬ ಗ್ರಾಹಕನ ಹಿಂದಿನ ವರ್ಷದ ಬಿಲ್ 6.5 ಕೋಟಿ ಡಾಲರ್ ಇದ್ದಿರಬೇಕು ಎಂಬ ಅಂದಾಜು ಹೊರಬಿದ್ದಾಗ ನಮ್ಮ ಕಸುಬಿನವರೆಲ್ಲ ಬಾಯಿ ಮೇಲೆ ಬೆರಳಿಟ್ಟರು. ಅಂಥ ಬಿಲ್ಲನ್ನು ದೊಡ್ಡವರು ತಾಳಿಕೊಳ್ಳಬಹುದು. ಹುಬ್ಬಳ್ಳಿಯಲ್ಲೋ ಠಾಣೆಯಲ್ಲೋ 30 ಜನರ ಕಂಪನಿ ನಡೆಸುವವರಿಗೆ ಅದರ ನೂರರ ಒಂದು ಪಾಲು ಬಂದರೂ ಮುಂದಿನ ತಿಂಗಳು ‘ಲಾಗ್ ಕಡಿಮೆ ಮಾಡಿ’ ಎಂಬ ಆದೇಶ ಬರುತ್ತದೆ. ಅಲ್ಲಿಗೆ ಕಣ್ಣು ಮುಚ್ಚುವ ಕೆಲಸ ನಾವೇ ಮಾಡಿಕೊಂಡಂತೆ.

ನಮ್ಮ ಪಾಲೂ ಇದೆ

ದೂರೆಲ್ಲ ಮಾರುವವರ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಪರೀಕ್ಷೆಯ ಹೊತ್ತಿಗೆಂದು ತೆರೆದ ಡೀಬಗ್ ಲಾಗನ್ನು ಮುಚ್ಚದೆ ಬಿಡುವುದು, ಯಾರೂ ತೆರೆದು ನೋಡದ ಡ್ಯಾಶ್‌ಬೋರ್ಡ್‌ಗಾಗಿ 10 ಸೆಕೆಂಡಿಗೊಮ್ಮೆ ಅಳತೆ ಕಳಿಸುವುದು, ಇರಲಿ ಬಿಡು ಎಂದು ಎಲ್ಲವನ್ನೂ ಕೂಡಿಡುವುದು ನಮ್ಮಲ್ಲಿ ಸಾಮಾನ್ಯ. ಅಟ್ಟದ ಮೇಲೆ ಹಳೆ ಕೊಡೆ, ಒಡೆದ ಬಕೆಟ್ಟು ಇಡುವ ಮನಸ್ಸೇ ಇದು.

ಎನ್‌ಪಿಸಿಐ ನಿಯಮದಲ್ಲಿ ಜನ ಗಮನಿಸದ ಇನ್ನೊಂದು ಅಂಶವಿತ್ತು. ಹಣ ಪಾವತಿಯಾದ ಕೂಡಲೇ ಉಳಿದ ಬ್ಯಾಲೆನ್ಸ್ ಎಷ್ಟು ಎಂಬುದನ್ನು ಬ್ಯಾಂಕ್ ತಾನಾಗಿಯೇ ತಿಳಿಸಬೇಕು ಎಂದಿತ್ತು. ಅಂದರೆ ನೋಡಬೇಡಿ ಎಂದು ಗದರುವುದರ ಜೊತೆಗೆ, ನೋಡುವ ಅಗತ್ಯವನ್ನೇ ಕಡಿಮೆ ಮಾಡುವ ದಾರಿಯನ್ನೂ ತೋರಿಸಿತು. ನಾವು ಮಾಡಬೇಕಾದ್ದೂ ಇದೇ. ಮಿತಿ ಬಂದರೆ ಮೊದಲು ಯಾವ ಲಾಗ್ ಬಿಡಬೇಕು, ಯಾವುದನ್ನು ಕೊನೆಯವರೆಗೂ ಬಿಡಬಾರದು ಎಂಬ ಪಟ್ಟಿಯನ್ನು ಶಾಂತವಾಗಿರುವ ದಿನವೇ ಮಾಡಿಡಬೇಕು. ಹಣದ ವಹಿವಾಟಿನ ದೋಷ ಎಲ್ಲಕ್ಕಿಂತ ಮೇಲೆ, ಜಾಹೀರಾತು ಬ್ಯಾನರ್‌ನ ಕ್ಲಿಕ್ ಎಲ್ಲಕ್ಕಿಂತ ಕೆಳಗೆ. ಕಾನೂನು ಕೇಳುವ 180 ದಿನದ ಲಾಗನ್ನು ಮಾನಿಟರಿಂಗ್ ಸೇವೆಯ ಭರವಸೆಯ ಮೇಲೆ ಬಿಡದೆ, ಅಗ್ಗದ ಸಂಗ್ರಹದಲ್ಲಿ ಬೇರೆಯಾಗಿ ಒಂದು ಪ್ರತಿ ಇಡಬೇಕು. ಹಾಗೆ ಮಾಡಿದ ಮೇಲೆ ಮಾರುವವರ ಎದುರು ಕುಳಿತು ಮಾತಾಡುವ ಹಕ್ಕು ನಮಗೆ ಬರುತ್ತದೆ.

ಮುಂಬೈ, ಪುಣೆ, ಹೈದರಾಬಾದ್, ದುಬೈ ಎಂದು ಹೊರನಾಡಿನಲ್ಲಿ ಈ ಕಸುಬಿನಲ್ಲಿರುವ ಕನ್ನಡಿಗರು ಸಾಕಷ್ಟು ಜನ. ಕೆಲವರು ಪಾಳಿಯಲ್ಲಿ ಕೂರುತ್ತೀರಿ, ಕೆಲವರು ಕರಾರಿಗೆ ಸಹಿ ಹಾಕುವ ಕುರ್ಚಿಗೆ ಬಂದಿದ್ದೀರಿ. ನನ್ನ ಮಾತು ಎರಡನೆಯವರಿಗೆ. ಮಾರ್ಚ್ ಬಂತೆಂದರೆ ಮಾನಿಟರಿಂಗ್ ಸೇವೆಯ ನವೀಕರಣದ ಕಾಗದ ಮೇಜಿಗೆ ಬರುತ್ತದೆ. ಬೆಲೆಯಲ್ಲಿ ಶೇ 5 ಇಳಿಸಿಕೊಳ್ಳಲು ತಿಂಗಳುಗಟ್ಟಲೆ ಚೌಕಾಸಿ ಮಾಡುತ್ತೇವೆ, ಫೇರ್ ಯೂಸೇಜ್ ಪುಟವನ್ನು ತಿರುವಿಯೂ ನೋಡುವುದಿಲ್ಲ. ಈ ಸಲ ನಾಲ್ಕು ಪ್ರಶ್ನೆ ಕೇಳಿ. ಮಿತಿ ಎಷ್ಟು? ಎಚ್ಚರಿಕೆ ಯಾರಿಗೆ ಬರುತ್ತದೆ? ಮಿತಿ ಮೀರಿದ ಮೇಲೂ ಏನು ನಿಲ್ಲುವುದಿಲ್ಲ? ಅಪಘಾತದ ರಾತ್ರಿಗೆ ಎಷ್ಟು ಗಂಟೆ ಮಾಫಿ?

ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಕರಾರಿನಲ್ಲಿ ಬರೆಸಿಕೊಳ್ಳಿ. ರಾತ್ರಿ ಪಾಳಿಯಲ್ಲಿ ಕೂರುವ ಹುಡುಗ ಹುಡುಗಿಯರಿಗೆ ಆ ಕಾಗದವನ್ನು ಯಾರೂ ತೋರಿಸುವುದಿಲ್ಲ. ಅವರ ಪರವಾಗಿ ಓದಬೇಕಾದವರು ಸಹಿ ಹಾಕುವವರೇ.